ಹಳ್ಳದಲ್ಲಿ ಚಿನ್ನ ಎಲ್ಲಿ ಕೂರುತ್ತೆ?

ಹೊನ್ನಾಳಿ ಸೀಮೆಯಲ್ಲಿ ಚಿನ್ನ ಇದೆ ಅಂದರೆ ದಾವಣಗೆರೆಯಲ್ಲೇ ಎಷ್ಟೋ ಜನ ನಂಬುವುದಿಲ್ಲ. ಆದರೆ ಪಲವನಹಳ್ಳಿ, ಕುದುರೆಕೊಂಡದ ಸುತ್ತ ಬ್ರಿಟಿಷರ ಕಾಲದಲ್ಲಿ ಚಿನ್ನಕ್ಕಾಗಿಯೇ ಗಣಿ ತೋಡಿದ್ದರು. 1997ರಲ್ಲಿ ಹೊನ್ನಾಳಿ ತಾಲೂಕು ಶಿವಮೊಗ್ಗ ಬಿಟ್ಟು ಹೊಸ ದಾವಣಗೆರೆ ಜಿಲ್ಲೆಗೆ ಸೇರಿತು. ಆ ಗಣಿಗಳು ಅದಕ್ಕೂ ಎಷ್ಟೋ ಮೊದಲೇ ನಿಂತುಹೋಗಿದ್ದವು. ಗುಡ್ಡದ ಕಲ್ಲಿನಲ್ಲಿ ಚಿನ್ನ ಇದ್ದ ಮೇಲೆ ಮಳೆಗೆ ಕಲ್ಲು ಸವೆದು ಅದರ ಪುಡಿ ಹಳ್ಳಕ್ಕೆ ಬರಲೇಬೇಕು ಅಲ್ವಾ? ಬಂದರೆ ಎಲ್ಲಿ ನಿಲ್ಲುತ್ತೆ? ಇದನ್ನು ಕಣ್ಣಾರೆ ನೋಡಬೇಕು ಅನ್ನೋ ಆಸೆ ನನಗೆ ಬಹಳ ದಿನದಿಂದ ಇತ್ತು.

ಮಳೆಗಾಲ ಮುಗಿದು ಮೆಕ್ಕೆಜೋಳದ ಕಟಾವು ನಡೆಯುತ್ತಿದ್ದ ಹೊತ್ತಿಗೆ ಅವಕಾಶ ಸಿಕ್ಕಿತು. ಕಾಲೇಜಿನಲ್ಲಿ ಭೂವಿಜ್ಞಾನ ಕಲಿಸಿ ನಿವೃತ್ತರಾದ ಮೇಷ್ಟ್ರೊಬ್ಬರು ನನಗೆ ಪರಿಚಯ. ಅವರ ಹಳೆಯ ಶಿಷ್ಯನ ಹೊಲದ ಪಕ್ಕದಲ್ಲೇ ಒಂದು ಹಳ್ಳ ಹರಿಯುತ್ತದೆ. ಅಲ್ಲಿಗೆ ಹೋದೆವು. ಚಿನ್ನ ಸರ್ಕಾರದ ಸೊತ್ತು, ಅದನ್ನು ಹುಡುಕಿ ತೆಗೆಯುವ ದಂಧೆಗೆ ಪರವಾನಗಿ ಬೇಕು. ನಾವು ಹೋಗಿದ್ದು ನೋಡಿ ಕಲಿಯೋಕೆ, ಒಂದು ಸಲಿಕೆ, ಒಂದು ಜರಡಿ, ಅಗಲದ ಒಂದು ಬೋಗುಣಿ ಹಿಡಿದುಕೊಂಡು.

ಮೇಷ್ಟ್ರು ನೀರಿಗೆ ಇಳಿಯಲೇ ಇಲ್ಲ. ದಡದ ಮೇಲೆ ನಿಂತು ಹಳ್ಳವನ್ನೇ ನೋಡುತ್ತಿದ್ದರು. "ಮೊದಲು ಪ್ರವಾಹದ ನೀರು ಹೇಗೆ ಬಂದಿತ್ತು ಹೇಳು" ಅಂದರು. ಜಾಲಿ ಗಿಡಗಳಿಗೆ ಸಿಕ್ಕಿಕೊಂಡ ಕಸ ತೋರಿಸಿದರು. ಅಷ್ಟೆತ್ತರಕ್ಕೆ ನೀರು ಬಂದಾಗ ಮಾತ್ರ ಚಿನ್ನ ಜಾಗ ಬಿಟ್ಟು ಕದಲುತ್ತದೆ. ಈಗ ಹರಿಯುವ ಪಾದ ಮುಳುಗುವಷ್ಟು ನೀರಿಗೆ ಅದನ್ನು ಅಲುಗಿಸುವ ಶಕ್ತಿ ಇಲ್ಲ.

ಲೆಕ್ಕ ಸರಳ. ಬೆಣಚುಕಲ್ಲಿನ ಮರಳು ನೀರಿಗಿಂತ ಸುಮಾರು 2.65 ಪಟ್ಟು ಭಾರ. ಮ್ಯಾಗ್ನೆಟ್‌ಗೆ ಅಂಟುವ ಕಪ್ಪು ಮರಳು ಹೆಚ್ಚುಕಡಿಮೆ 5 ಪಟ್ಟು. ಚಿನ್ನ 19 ಪಟ್ಟಿಗೂ ಜಾಸ್ತಿ. ಹಾಗಾಗಿ ನೀರಿನ ಸೆಳೆತ ಎಲ್ಲಿ ತಗ್ಗುತ್ತೋ ಅಲ್ಲಿ ಚಿನ್ನ ಎಲ್ಲಕ್ಕಿಂತ ಮೊದಲು ಕೆಳಗೆ ಬೀಳುತ್ತದೆ. ಹಳ್ಳ ತಿರುಗುವ ಕಡೆ ಹೊರಮಗ್ಗುಲಲ್ಲಿ ನೀರು ರಭಸವಾಗಿ ದಡ ಕೊರೆಯುತ್ತದೆ. ಒಳಮಗ್ಗುಲಲ್ಲಿ ನಿಧಾನ, ಅಲ್ಲೇ ಮರಳಿನ ದಿಬ್ಬ ಕಟ್ಟುತ್ತದೆ. ದೊಡ್ಡ ಬಂಡೆಯ ಹಿಂದೆಯೂ ಅಷ್ಟೇ. ಇಕ್ಕಟ್ಟಿನಲ್ಲಿ ನುಗ್ಗಿದ ಹಳ್ಳ ಇದ್ದಕ್ಕಿದ್ದ ಹಾಗೆ ಅಗಲವಾಗುವ ಜಾಗವೂ ಒಳ್ಳೆಯದು.

ನಾವು ಒಳತಿರುವಿನ ದಿಬ್ಬದ ಮೇಲ್ಮಣ್ಣು ತೆಗೆದು ತೊಳೆದೆವು. ಏನೂ ಇಲ್ಲ. ಮೇಷ್ಟ್ರಿಗೆ ಆಶ್ಚರ್ಯ ಆಗಲಿಲ್ಲ. "ಮೇಲಿನದು ಬರೀ ಮರಳು. ಚಿನ್ನಕ್ಕೆ ತಳ ಬೇಕು" ಅಂದರು. ಪ್ರತಿ ಪ್ರವಾಹದಲ್ಲೂ ಗರಸು ಅಲುಗಾಡುತ್ತದೆ, ಅಲುಗಿದಷ್ಟೂ ಚಿನ್ನ ಸಂದಿಯಲ್ಲಿ ಇಳಿಯುತ್ತಾ ಹೋಗುತ್ತದೆ. ಹಾಸುಬಂಡೆ ಸಿಗುವವರೆಗೂ ಇಳಿಯುತ್ತದೆ. ನಡುವೆ ಗಟ್ಟಿ ಜೇಡಿಯ ಪದರ ಇದ್ದರೆ ಅದರ ಮೇಲೇ ನಿಲ್ಲುತ್ತದೆ. ಆಗ ಜೇಡಿಯ ಕೆಳಗೆ ಎಷ್ಟು ಅಗೆದರೂ ಹೆಚ್ಚೇನೂ ಸಿಗುವುದಿಲ್ಲ.

ಸ್ವಲ್ಪ ಮೇಲೆ ಹಾಸುಬಂಡೆ ಬಯಲಾಗಿದ್ದ ಜಾಗ ಸಿಕ್ಕಿತು. ಕಲ್ಲು ಪದರ ಪದರವಾಗಿ ಎದ್ದು ನಿಂತಿತ್ತು, ಪದರಗಳ ನಡುವೆ ಬೆರಳು ತೂರದಷ್ಟು ಸಣ್ಣ ಬಿರುಕು. ಹರಿವಿನ ಉದ್ದಕ್ಕೆ ಇರುವ ಬಿರುಕನ್ನು ನೀರು ತೊಳೆದುಬಿಡುತ್ತದೆ. ಅಡ್ಡಕ್ಕೆ ಇರುವ ಬಿರುಕು ಹಿಡಿದಿಟ್ಟುಕೊಳ್ಳುತ್ತದೆ. ಅಂಥ ಒಂದು ಅಡ್ಡ ಬಿರುಕನ್ನು ಆರಿಸಿಕೊಂಡೆವು. ಬಾಗಿಸಿದ ಸರಿಗೆಯಿಂದ ಕೆದಕಿ, ಚಮಚದಲ್ಲಿ ಬಾಚಿ, ಹಳೆ ಬ್ರಷ್ಷಿನಿಂದ ಗೋಡೆ ಉಜ್ಜಿದೆವು. ಮೇಲೆ ಬೆಳೆದಿದ್ದ ಹುಲ್ಲಿನ ಬೇರನ್ನೂ ಬಿಡಲಿಲ್ಲ, ಬೋಗುಣಿಯಲ್ಲಿ ಅದ್ದಿ ಹಿಂಡಿದೆವು. ತಳದಲ್ಲಿ ಮಣ್ಣು ಕಲ್ಲಿನ ಹಾಗೆ ಗಟ್ಟಿಯಾಗಿತ್ತು. ಎಷ್ಟೋ ಮಳೆಗಾಲ ಅದು ಕದಲೇ ಇರಲಿಲ್ಲ ಅನ್ನುವುದಕ್ಕೆ ಅದೇ ಗುರುತು. ಸಿಕ್ಕ ಮಣ್ಣೆಲ್ಲ ಸೇರಿಸಿದರೂ ಬೋಗುಣಿಯ ಕಾಲು ಭಾಗ ಆಗಲಿಲ್ಲ. ಜೆಸಿಬಿ ತಂದು ಹಳ್ಳವನ್ನೇ ಬಗೆಯುವವರಿಗೆ ಈ ಜಾಗ ಕಾಣುವುದೇ ಇಲ್ಲ. ನನಗೆ ಇದು ನಿಜಕ್ಕೂ ಬೇಸರ ತರಿಸುವ ವಿಷಯ.

ತೊಳೆಯುವಾಗ ಹೊಲದ ಯಜಮಾನರ ತಾಯಿ ಬಂದು ನಿಂತರು. ನೋಡಿ, "ಇದು ರಾಗಿ ಗಾಳ್ಸಿದಂಗೇ ಐತಲ್ಲ ಮೇಷ್ಟ್ರೆ" ಅಂದರು. ಸರಿಯಾಗೇ ಹೇಳಿದ್ದರು. ಗಾಳಿಸುವಾಗ ಕಲ್ಲು ತಳಕ್ಕೆ ಉಳಿದು ರಾಗಿ ನೀರಿನ ಜೊತೆ ಹೋಗುವಂತೆ ಇಲ್ಲಿ ಮರಳು ಹೋಗಿ ಚಿನ್ನ ಉಳಿಯಬೇಕು. ಅಜ್ಜಿಯ ಕೈಗೆ ಬೋಗುಣಿ ಕೊಟ್ಟೆವು. ಮೊದಲು ನೀರಲ್ಲಿ ಮುಳುಗಿಸಿ ಚೆನ್ನಾಗಿ ಕುಲುಕಿದರು, ಆಮೇಲೆ ಓರೆ ಮಾಡಿ ಸ್ವಲ್ಪ ಸ್ವಲ್ಪವೇ ನೀರು ಚೆಲ್ಲಿದರು. ಆ ಕೈಚಳಕ ನನಗೆ ಬರುವುದಕ್ಕೆ ವರ್ಷಗಳೇ ಬೇಕು.

ಹಿಂದೆ ಜಲಗಾರರು ಮಾಡುತ್ತಿದ್ದುದೂ ಇದನ್ನೇ. ಗದಗಿನ ಕಪ್ಪತಗುಡ್ಡದ ಹಳ್ಳಗಳಲ್ಲಿ ಅವರು ಮಳೆಯ ನಂತರ ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು. 19ನೇ ಶತಮಾನದಲ್ಲಿ ಆ ಕಡೆ ಸರ್ವೆ ಮಾಡಿದ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಈ ಜಲಗಾರರ ಬಗ್ಗೆ ಬರೆದಿದ್ದಾರೆ. ಚಿನ್ನದ ಜಾಡು ಹಿಡಿದು ಬಂದ ಕಂಪನಿಗಳಿಗಿಂತ ಮೊದಲೇ ಹಳ್ಳವನ್ನು ಓದಲು ಬಲ್ಲವರು ಅವರು. ಅವರಿಗೆ ಸಿಗಬೇಕಾದಷ್ಟು ಹೆಸರು ಸಿಗಲೇ ಇಲ್ಲ.

ಕೊನೆಗೆ ತಳದಲ್ಲಿ ಒಂದು ಚಿಟಿಕೆ ಕಪ್ಪು ಮರಳು ಉಳಿಯಿತು. ಅದರಲ್ಲಿ ಫಳಫಳ ಹೊಳೆಯುವ ಚೂರುಗಳು. ಹೊಲದ ಯಜಮಾನರು "ಬಂತು ಸಾರ್!" ಅಂತ ಕೂಗಿದರು. ಮೇಷ್ಟ್ರು ಬೋಗುಣಿಯ ಮೇಲೆ ತಮ್ಮ ನೆರಳು ಬೀಳಿಸಿದರು. ಹೊಳಪೆಲ್ಲ ಮಾಯ. ಅದು ಕಾಗೆಬಂಗಾರ. ಆದರೆ ಬಾಲದ ಹಾಗೆ ಹರಡಿದ್ದ ಕಪ್ಪು ಮರಳಿನ ತುದಿಯಲ್ಲಿ ಎರಡು ಹಳದಿ ಚುಕ್ಕೆ ನೆರಳಲ್ಲೂ ಹಾಗೇ ಉಳಿದವು. ಸೂಜಿಮೊನೆಯಲ್ಲಿ ಒತ್ತಿದರೆ ಪುಡಿಯಾಗಲಿಲ್ಲ, ಚಪ್ಪಟೆಯಾದವು. ಚಿನ್ನ! ಎರಡೂ ಸೇರಿದರೂ ಸಾಸಿವೆಯ ಕಾಲು ಭಾಗ ಇರಲಿಲ್ಲ. ಆದರೂ ನನ್ನ ಕೈ ನಡುಗುತ್ತಿತ್ತು.

ಮೇಷ್ಟ್ರು ಲೆನ್ಸ್ ಹಿಡಿದು ನೋಡಿದ್ದು ಚುಕ್ಕೆಗಳ ಅಂಚನ್ನು. ಒರಟಾಗಿತ್ತು. ದೂರದಿಂದ ಉರುಳಿ ಬಂದಿದ್ದರೆ ಬಡಿದು ಬಡಿದು ನುಣುಪಾಗಬೇಕಿತ್ತು. ಅಂದರೆ ಮೂಲ ಬಹುಶಃ ಹತ್ತಿರದಲ್ಲೇ ಇದೆ.

ಅಲ್ಲಿಂದ ಮೇಲೆ ಹಳ್ಳ ಎರಡು ಕವಲಾಗುತ್ತದೆ. ಎರಡರಲ್ಲೂ ಬಂಡೆಯ ಬಿರುಕು ಹುಡುಕಿ ತೊಳೆದೆವು. ಎಡದ ಕವಲಲ್ಲಿ ಬರೀ ಕಪ್ಪು ಮರಳು. ಬಲದ ಕವಲಲ್ಲಿ ಮತ್ತೆ ಹಳದಿ. ಇನ್ನು ಬಲಕ್ಕೇ ಮೇಲೆ ಹೋಗುತ್ತಾ ತೊಳೆಯಬೇಕು, ಎಲ್ಲಿ ಹಳದಿ ನಿಲ್ಲುತ್ತೋ ಅಲ್ಲಿಂದ ಎರಡೂ ದಡ ಹತ್ತಿ ಚಿನ್ನದ ಮೂಲವಾದ ಬೆಣಚುಕಲ್ಲಿನ ಎಳೆ ಹುಡುಕಬೇಕು. ಹೊತ್ತು ಇಳಿದಿತ್ತು. ಅಗೆದ ಗುಂಡಿಗಳಿಗೆ ಮರಳು ತುಂಬಿದೆವು. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಎರಡು ಕವಲನ್ನೂ ಬರೆದು, ಬಲದ್ದಕ್ಕೆ ಒಂದು ಗುರುತು ಹಾಕಿಕೊಂಡರು. ಮುಂದಿನ ಮಳೆಗಾಲ ಮುಗಿದ ಕೂಡಲೇ ಅಲ್ಲಿಂದಲೇ ಶುರು.