ಕಿ-67 ಜಾಸ್ತಿ ಬಂತು ಅಂದ ತಕ್ಷಣ…

ಮೊನ್ನೆ ಲ್ಯಾಬಿಗೆ ಹೊಸದಾಗಿ ಸೇರಿರೋ ಹುಡುಗಿ ಬೋನ್ ಮ್ಯಾರೋ ಸ್ಯಾಂಪಲ್ಲನ್ನ ಫ್ಲೋ ಸೈಟೋಮೀಟರ್‌ನಲ್ಲಿ (ಕೋಶಗಳನ್ನ ಒಂದೊಂದಾಗಿ ಲೇಸರ್ ಮುಂದೆ ಹಾಯಿಸಿ ಅಳೆಯೋ ಮಿಷಿನ್) ಓಡಿಸಿ, "ಸಾರ್, ಕಿ-67 ಭಾರೀ ಜಾಸ್ತಿ ಇದೆ, ಈ ಲ್ಯುಕೇಮಿಯಾ ಸಿಕ್ಕಾಪಟ್ಟೆ ಫಾಸ್ಟ್ ಇರ್ಬೇಕು" ಅಂದ್ಲು. ಕಿ-67 ಅಂದ್ರೆ ಡಿವೈಡ್ ಆಗೋ ಕೋಶಗಳಲ್ಲಿ ಕಾಣೋ ಒಂದು ಗುರುತು. ಗೇಟ್, ಅಂದ್ರೆ ಎಣಿಸೋಕೆ ಅಂತ ಅವಳು ಆರಿಸ್ಕೊಂಡಿದ್ದ ಕೋಶಗಳ ಗುಂಪು, ನೋಡಿದ್ರೆ ಬ್ಲಾಸ್ಟ್‌ಗಳ (ಬಲಿಯದ ಲ್ಯುಕೇಮಿಯಾ ಕೋಶಗಳ) ಜೊತೆ ಕೆಂಪು ರಕ್ತಕಣ ಆಗೋಕೆ ಹೊರಟಿರೋ ಎಳೇ ಕೋಶಗಳೂ ಒಳಗೆ ಬಂದು ಕೂತಿದ್ವು! ಅವು ಆರೋಗ್ಯವಾಗಿರೋರಲ್ಲೂ ಡಿವೈಡ್ ಆಗ್ತಾನೇ ಇರ್ತವೆ, ಅವುಗಳಲ್ಲಿ ಕಿ-67 ಜಾಸ್ತಿ ಇಲ್ದೆ ಇನ್ನೇನು. ಸಿಡಿ45 ಮಂಕಾಗಿ, ಸಿಡಿ34 ಚೆನ್ನಾಗಿ (ಇವೆರಡೂ ಕೋಶದ ಮೈಮೇಲಿರೋ ಗುರುತಿನ ಪ್ರೋಟೀನು) ಕಾಣೋ ಬ್ಲಾಸ್ಟ್‌ಗಳನ್ನ ಮಾತ್ರ ಹಿಡಿದ್ಮೇಲೆ ನಂಬರ್ ದಡಕ್ಕನೆ ಇಳೀತು.

ಈ ಹೆಸರಿನ ಹಿಂದೆ ದೊಡ್ಡ ಗುಟ್ಟೇನಿಲ್ಲ, 1983ರಲ್ಲಿ ಜರ್ಮನಿಯ ಕೀಲ್‌ನಿಂದ ಬಂದ ಆಂಟಿಬಾಡಿ (ಒಂದು ಪ್ರೋಟೀನನ್ನ ಹುಡುಕಿ ಅಂಟೋ ಅಣು), 96 ವೆಲ್ (ಪುಟ್ಟ ಗುಳಿ) ಇರೋ ಪ್ಲೇಟಿನಲ್ಲಿ 67ನೇ ವೆಲ್, ಅಷ್ಟೇ. ಅದು ಗುರುತಿಸೋ ಪ್ರೋಟೀನು ಕೋಶ ಡಿವೈಡ್ ಆಗೋ ಸೈಕಲ್ಲಿನ ಜಿ1 (ತಯಾರಿ), ಎಸ್ (ಡಿಎನ್‌ಎ ಕಾಪಿ), ಜಿ2 (ಕಾಪಿ ಆದ್ಮೇಲಿನ ತಯಾರಿ), ಎಂ (ಎರಡಾಗೋದು) ಎಲ್ಲಾ ಹಂತದಲ್ಲೂ ಸಿಗುತ್ತೆ, ಸುಮ್ನೆ ಮಲಗಿರೋ ಜಿ0 ಕೋಶದಲ್ಲಿ ಇರಲ್ಲ. ಅಂದ್ರೆ ಕೋಶ ಸೈಕಲ್ ಹತ್ತಿದ್ಯಾ ಇಲ್ವಾ ಅಂತ ಹೇಳುತ್ತೆ, ಎಷ್ಟು ಜೋರಾಗಿ ತುಳೀತಿದೆ ಅಂತ ಹೇಳಲ್ಲ.

ಡಿಎನ್‌ಎ ಈಗ್ಲೇ ಕಾಪಿ ಆಗ್ತಿದ್ಯಾ ಅಂತ ಬೇಕಿದ್ರೆ ಬಿಆರ್‌ಡಿಯು ಇಲ್ಲಾ ಇಡಿಯು ಅನ್ನೋ ಕೆಮಿಕಲ್ ಕೊಡ್ಬೇಕು, ಕೋಶ ಅದನ್ನೇ ಥೈಮಿಡಿನ್ (ಡಿಎನ್‌ಎ ಕಟ್ಟೋ ಒಂದು ಇಟ್ಟಿಗೆ) ಅಂದ್ಕೊಂಡು ಹೊಸ ಡಿಎನ್‌ಎ ಒಳಗೆ ಸೇರಿಸ್ಕೊಳ್ಳುತ್ತೆ. ಬಿಆರ್‌ಡಿಯುಗೆ ಆಸಿಡ್ ಹಾಕಿ ಡಿಎನ್‌ಎ ಬಿಚ್ಚೋ ಗಲಾಟೇಲಿ ಸರ್ಫೇಸ್ ಮಾರ್ಕರ್‌ಗಳು ಹಾಳಾಗೋದುಂಟು, ಇಡಿಯುಗೆ ಆ ಆಸಿಡ್ ಬೇಡ, ಹಂಗಾಗಿ ನಂಗೆ ಅದೇ ಇಷ್ಟ. ಡಿಎನ್‌ಎಗೆ ಅಂಟಿ ಅದು ಎಷ್ಟಿದೆ ಅಂತ ತೋರ್ಸೋ ಪ್ರೊಪಿಡಿಯಂ ಅಯೋಡೈಡ್ ಬಣ್ಣ ಅಗ್ಗದ ದಾರಿ, ಆದ್ರೆ ಅದು ಆರ್‌ಎನ್‌ಎಗೂ ಅಂಟುತ್ತೆ. ಒಂದ್ಸಲ ಆರ್‌ಎನ್‌ಎ ಕತ್ತರಿಸೋ ಆರ್‌ಎನ್‌ಏಸ್ ಹಾಕೋದು ಮರೆತು, ಕೊಡೆ ತರ ಅಗಲವಾಗಿ ಹರಡಿದ ಪೀಕ್ ನೋಡ್ಕೊಂಡು ಅರ್ಧ ದಿನ ಮಿಷಿನ್ನನ್ನೇ ಬೈದಿದ್ದೀನಿ. ಎರಡು ಜಿ1 ಕೋಶ ಅಂಟ್ಕೊಂಡ್ರೆ ಎರಡು ಪಟ್ಟು ಡಿಎನ್‌ಎ ಇರೋ ಒಂದು ಜಿ2 ಕೋಶದ ತರಾನೇ ಕಾಣುತ್ತೆ, ಅದು ಇನ್ನೊಂದು ಕಾಟ. ಇನ್ನೊಂದು ಗುರುತು ಪಿಸಿಎನ್‌ಎ, ಡಿಎನ್‌ಎ ಕಾಪಿಗಷ್ಟೇ ಅಲ್ಲ, ರಿಪೇರಿಗೂ ಓಡಾಡೋ ಪ್ರೋಟೀನು, ಅದೊಂದನ್ನೇ ನಂಬೋಕಾಗಲ್ಲ.

ನಂಗೆ ಜಾಸ್ತಿ ತಲೆ ಕೆಡಿಸಿದ್ದು ಸಿಎಲ್‌ಎಲ್, ಅಂದ್ರೆ ಕ್ರಾನಿಕ್ ಲಿಂಫೋಸೈಟಿಕ್ ಲ್ಯುಕೇಮಿಯಾ. ರಕ್ತದಲ್ಲಿರೋ ಸಿಎಲ್‌ಎಲ್ ಕೋಶಗಳು ಬಹುಪಾಲು ಜಿ0ದಲ್ಲೇ ಇರ್ತವೆ, ಕಿ-67 ಕಮ್ಮಿ, ಹಂಗಾಗಿ ಇವು ಹುಟ್ಟೋದು ಕಮ್ಮಿ, ಸಾಯ್ದೇ ಗುಡ್ಡೆ ಬೀಳ್ತಿವೆ ಅಂತಾನೇ ತುಂಬಾ ವರ್ಷ ನಂಬಿದ್ರು. 2005ರಲ್ಲಿ ರೋಗಿಗಳಿಗೆ ಭಾರಜಲ (ಹೈಡ್ರೋಜನ್ ಬದಲು ಅದರ ಭಾರದ ರೂಪ ಡ್ಯೂಟೀರಿಯಂ ಇರೋ ನೀರು) ಕುಡಿಸಿ ಡಿಎನ್‌ಎ ಒಳಗೆ ಎಷ್ಟು ಡ್ಯೂಟೀರಿಯಂ ಸೇರಿದೆ ಅಂತ ಅಳೆದಾಗ ದಿನಕ್ಕೆ ಒಟ್ಟು ಸಿಎಲ್‌ಎಲ್ ಕೋಶಗಳ 0.1 ಪರ್ಸೆಂಟ್‌ನಿಂದ ಹಿಡಿದು 1 ಪರ್ಸೆಂಟ್‌ಗೂ ಜಾಸ್ತಿ ಹೊಸ ಕೋಶ ಹುಟ್ತಿರೋದು ಗೊತ್ತಾಯ್ತು. ಹೆಚ್ಚಾಗಿ ಹುಟ್ಟೋದು ಲಿಂಫ್ ನೋಡ್‌ನಲ್ಲಿ (ದುಗ್ಧಗ್ರಂಥಿ), ನಾವು ಹುಡುಕ್ತಾ ಇದ್ದಿದ್ದು ರಕ್ತದ ಟ್ಯೂಬಲ್ಲಿ.