ಕಂಪ್ಯೂಟರ್ ಎಣಿಸ್ಬೇಡಿ, ತಲೆ ಎಣಿಸಿ

2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10 ಜೊತೆಗೆ ಆಫೀಸ್ 2016, 2019ಕ್ಕೂ ಮೈಕ್ರೋಸಾಫ್ಟ್‌ನವ್ರ ಸಪೋರ್ಟ್ ನಿಂತ್ಮೇಲೆ ಶಿರಸಿ ಕಡೆ ಅಡಿಕೆ ವಖಾರಿ, ಸೊಸೈಟಿ ಎಲ್ಲಿಗೆ ಹೋದ್ರೂ ನಂಗೆ ಬರೋ ಮಾತು ಒಂದೇ, ಮೊದ್ಲಿನ ಥರ ಒಂದೇ ಸಲ ದುಡ್ಡು ಕೊಟ್ಟು ಹಲವು ಕಾಪಿ ಒಟ್ಟಿಗೆ ತಗೊಳ್ಳೋ ವಾಲ್ಯೂಮ್ ಲೈಸೆನ್ಸೇ ಕೊಡ್ಸಿ, ಈ ವರ್ಷಾವರ್ಷ ದುಡ್ಡು ಕಟ್ಟೋ ಸಬ್‌ಸ್ಕ್ರಿಪ್ಶನ್ನೆಲ್ಲ ಬೇಡ. ಒಬ್ರು ಹಿರಿಯರಂತೂ "ತಮಾ, ದುಡ್ಡು ಕೊಟ್ಟು ತಗಂಡ ಮೇಲೆ ಅದು ನಮ್ದೇ ಅಲ್ದಾ?" ಅಂದ್ರು. ನ್ಯಾಯವಾದ ಪ್ರಶ್ನೆನೇ. ಆದ್ರೆ ಐದು ಕಾಪಿ ತಗೊಂಡ್ರೆ ಶುರು ಮಾಡ್ಬಹುದಿದ್ದ ಆ ಓಪನ್ ಲೈಸೆನ್ಸ್ ಸ್ಕೀಮನ್ನ ಮೈಕ್ರೋಸಾಫ್ಟ್ 2021ರ ಕೊನೆಗೇ ನಿಲ್ಸಿಬಿಡ್ತು. ಒಂದೇ ಸಲ ದುಡ್ಡು ಕೊಟ್ಟು ತಗೊಳ್ಳೋ ಆಫೀಸ್ ಈಗ್ಲೂ ಸಿಗತ್ತೆ, 2024 ಎಲ್‌ಟಿಎಸ್‌ಸಿ ಅಂತ, ಸಪೋರ್ಟ್ ಮಾತ್ರ 2029ರ ಅಕ್ಟೋಬರ್‌ವರೆಗೆ.

ಜನ ರೇಟ್ ನೋಡಿ ಗಾಬರಿ ಆಗ್ತಾರೆ, ನಂಗೆ ಕಾಣೋ ತೊಡಕು ಬೇರೆ. ಹಳೇ ಥರದ ಲೈಸೆನ್ಸ್ ಕಂಪ್ಯೂಟರಿಗೆ, ಸಬ್‌ಸ್ಕ್ರಿಪ್ಶನ್ ಮನುಷ್ಯನಿಗೆ. ಒಬ್ಬ ಮನುಷ್ಯ ಐದು ಪಿಸಿ, ಐದು ಟ್ಯಾಬ್, ಐದು ಮೊಬೈಲಲ್ಲಿ ಹಾಕ್ಕೋಬಹುದು, ಬೆಂಗ್ಳೂರಿನ ಕಂಪನಿಗೆ ಅದು ಭಾರೀ ಲಾಭ. ನಮ್ಮಲ್ಲಿ ಉಲ್ಟಾ ಮಾರಾಯ್ರೆ, ತೂಕದ ಕೌಂಟರಲ್ಲಿ ಒಂದೇ ಪಿಸಿ, ಬೆಳಿಗ್ಗೆ ಒಬ್ರು ಕೂತು ಚೀಲದ ಪಟ್ಟಿ ಹೊಡೀತಾರೆ, ಮಧ್ಯಾಹ್ನ ಇನ್ನೊಬ್ರು ರೇಟ್ ಹಾಕ್ತಾರೆ, ಸಂಜೆ ಮೂರನೆಯವ್ರು ಪ್ರಿಂಟ್ ತೆಗೀತಾರೆ. ಮೂರು ಜನಕ್ಕೆ ಮೂರು ಸಬ್‌ಸ್ಕ್ರಿಪ್ಶನ್ ಬೇಕು, ಒಂದೇ ಐಡಿ ಹಂಚ್ಕೊಳ್ಳೋದು ನಿಯಮದಲ್ಲಿಲ್ಲ. ಹಾಗಾಗಿ ನಾನು ಹೇಳೋದು, ಕೌಂಟರ್ ಪಿಸಿಗೆ 2024ರ ಪರ್ಮನೆಂಟ್ ಕಾಪಿ ಹಾಕಿ ಸುಮ್ಮನಿರಿ, ಓಡಾಡೋ ಮ್ಯಾನೇಜರು, ಅಕೌಂಟೆಂಟು, ಯಜಮಾನ್ರು, ಇವ್ರಿಗಷ್ಟೇ ಸಬ್‌ಸ್ಕ್ರಿಪ್ಶನ್ ಸಾಕು. ಎಲ್ಲರಿಗೂ ಒಂದೇ ಪ್ಲಾನ್ ಮಾಡ್ಸೋ ಸೇಲ್ಸಿನವ್ರ ಮಾತು ಕೇಳ್ಬೇಡಿ.

ಇನ್ನೊಂದು, ಸೀಸನ್. ವರ್ಷದ ಕರಾರಿಗೆ ಒಪ್ಪಿ ಏಳು ದಿನ ಕಳೆದ್ರೆ ಆಮೇಲೆ ಜನ ಜಾಸ್ತಿ ಮಾಡ್ಬಹುದು, ಕಮ್ಮಿ ಮಾಡೋಕೆ ವರ್ಷ ಮುಗೀಬೇಕು. ಅಡಿಕೆ ಬರೋ ನಾಲ್ಕು ತಿಂಗಳಿಗೆ ಅಂತ ತಗೊಂಡ ಹುಡುಗ್ರಿಗೂ ವರ್ಷದ್ದು ಮಾಡ್ಸಿದ್ರೆ ಮಳೆಗಾಲ ಪೂರ್ತಿ ಖಾಲಿ ಕುರ್ಚಿಗೆ ಬಾಡಿಗೆ ಕಟ್ದಂಗೆ. ಅವ್ರಿಗೆ ತಿಂಗಳ ಕರಾರೇ ಸರಿ, ಅದಕ್ಕೆ ಶೇ. 20ರಷ್ಟು ಜಾಸ್ತಿ ಹಾಕ್ತಾರೆ, ಹಾಕ್ಲಿ. ವರ್ಷದ ಕರಾರು ಮಾಡ್ಕೊಂಡು ತಿಂಗಳು ತಿಂಗಳು ಕಟ್ತೀನಿ ಅಂದ್ರೂ 2025ರ ಏಪ್ರಿಲ್‌ನಿಂದ ಶೇ. 5 ಹೆಚ್ಚು, ಕೈಯಲ್ಲಿ ದುಡ್ಡಿದ್ರೆ ಒಟ್ಟಿಗೇ ಕಟ್ಟಿಬಿಡಿ. ಸಿಎ ಹತ್ರನೂ ಒಂದು ಮಾತು ಕೇಳಿ, ತೆರಿಗೆ ಲೆಕ್ಕದಲ್ಲಿ ಕೊಂಡ ಸಾಫ್ಟ್‌ವೇರಿಗೆ ವರ್ಷಕ್ಕೆ ಶೇ. 40 ಡಿಪ್ರಿಸಿಯೇಶನ್ (ಸವಕಳಿ), ಸಬ್‌ಸ್ಕ್ರಿಪ್ಶನ್ ದುಡ್ಡು ಸೀದಾ ಖರ್ಚಿಗೆ ಹೋಗತ್ತೆ.

ಮಳೆಗಾಲದಲ್ಲಿ ನೆಟ್ ಹೋದ್ರೆ ವರ್ಡ್ ಓಪನ್ನೇ ಆಗಲ್ಲ ಅನ್ನೋ ಹೆದರಿಕೆ ಮಾತ್ರ ಬೇಡ. ಪ್ರೋಗ್ರಾಂ ನಿಮ್ಮ ಪಿಸಿಯಲ್ಲೇ ಇರತ್ತೆ, 30 ದಿನಕ್ಕೊಮ್ಮೆ ನೆಟ್ ಸಿಕ್ಕಿದ್ರೆ ಸಾಕು, ದೇವಿಮನೆ ಘಾಟಲ್ಲಿ ಕೇಬಲ್ ಕಿತ್ತೋದ್ರೂ ಅಷ್ಟು ದಿನ ಯಾರೂ ಬಿಡಲ್ಲ. ಆ ಗಡುವೂ ದಾಟಿದ್ರೆ ಫೈಲ್ ಓದ್ಬಹುದು, ಪ್ರಿಂಟ್ ತೆಗೀಬಹುದು, ತಿದ್ದೋಕಾಗಲ್ಲ. ಲೆಕ್ಕದ ಟ್ಯಾಲಿ ಡೇಟಾ ಫೋಲ್ಡರ್ ಮಾತ್ರ ಒನ್‌ಡ್ರೈವ್ (ಮೈಕ್ರೋಸಾಫ್ಟಿನ ಆನ್‌ಲೈನ್ ಸ್ಟೋರೇಜ್) ಸಿಂಕಿಗೆ ಹಾಕ್ಬೇಡಿ, ಬ್ಯಾಕಪ್ ಫೈಲ್ ಹಾಕಿ.

ಇದೆಲ್ಲಕ್ಕಿಂತ ಹೆಚ್ಚು ಹೊತ್ತು ತಿನ್ನೋದು ಏನು ಗೊತ್ತಾ, 'ನುಡಿ' ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರು. ಸೊಸೈಟಿಗಳ ಹಳೇ ಠರಾವು, ನೋಟಿಸು, ಸದಸ್ಯರ ಪತ್ರ ಎಲ್ಲ ಯುನಿಕೋಡ್ (ಯಾವ ಮೊಬೈಲಲ್ಲೂ ಕನ್ನಡವಾಗೇ ಕಾಣೋ ಅಕ್ಷರ ಪದ್ಧತಿ) ಅಲ್ಲದ ನುಡಿ ಫಾಂಟಲ್ಲಿ. ಕ್ಲೌಡಿಗೆ ಹಾಕಿ ಅಧ್ಯಕ್ಷರು ಮೊಬೈಲಲ್ಲಿ ತೆಗೆದ್ರೆ 'ಕನ್ನಡ' ಅನ್ನೋ ಜಾಗದಲ್ಲಿ ಇಂಗ್ಲಿಷ್ ಪಿ, ಪಕ್ಕದಲ್ಲಿ ತಲೆ ಮೇಲೆ ಗೀಟಿರೋ ಎ, ನಡುವೆ ಪೌಂಡ್ ಚಿಹ್ನೆ. ಫೈಲ್ ಕೆಟ್ಟಿಲ್ಲ, ಮೊಬೈಲಲ್ಲಿ ಆ ಫಾಂಟಿಲ್ಲ ಅಷ್ಟೇ. ಕನ್ವರ್ಟರಲ್ಲಿ ಯುನಿಕೋಡ್ ಮಾಡಿದ್ರೂ ಒತ್ತಕ್ಷರ, ಅರ್ಕಾವತ್ತು ಅಲ್ಲಲ್ಲಿ ತಪ್ಪತ್ತೆ, ಟೇಬಲ್ಲಿನ ಅಂಕಿಯನ್ನಂತೂ ಕಣ್ಣಿಟ್ಟು ನೋಡ್ಲೇಬೇಕು. ಆ ಕೆಲಸ ಮುಗಿಯೋವರೆಗೂ ನುಡಿ ಇರೋ ಒಂದು ಹಳೇ ಪಿಸಿಯನ್ನ ನೆಟ್ ತೆಗೆದು ಮೂಲೆಯಲ್ಲಿಡಿ, ಎಕ್ಸ್‌ಚೇಂಜಿಗೆ ಕೊಡ್ಬೇಡಿ.