ಉಪ್ಪಿನ ತಳ ಎಲ್ಲಿದೆ?

ಗೋಕರ್ಣದ ಬಳಿಯ ಸಾಣಿಕಟ್ಟಾದ ಆಗರಗಳಲ್ಲಿ ಭರತದ ನೀರನ್ನು ಒಳಗೆ ಬಿಟ್ಟು, ಬಿಸಿಲಿಗೆ ಹರಳುಗಟ್ಟಿಸಿ, ಉಪ್ಪನ್ನು ಎಳೆದು ರಾಶಿ ಹಾಕುವುದನ್ನು ನೋಡುತ್ತ ಬೆಳೆದವನು ನಾನು. ಈಗ ಪುಣೆಯಲ್ಲಿ ಕುಳಿತು, ಎಣ್ಣೆ ಹುಡುಕುವವರಿಗಾಗಿ ಮೆಕ್ಸಿಕೋ ಕೊಲ್ಲಿಯ ತಳದಡಿಯ ಉಪ್ಪಿನ ಆಕಾರವನ್ನು ಗುರುತಿಸುವುದು ನನ್ನ ಕೆಲಸ. ಕಳೆದ ದೀಪಾವಳಿಗೆ ಬಂದಿದ್ದ ಆಯಿ, ಅಷ್ಟು ಆಳಕ್ಕೆ ಉಪ್ಪು ಹೋದದ್ದು ಹೇಗೆಂದು ಕೇಳಿದಳು. ನಮ್ಮ ಆಗರದಲ್ಲಿ ನಡೆಯುವುದೇ ಅಲ್ಲಿಯೂ ನಡೆಯಿತೆಂದು ಹೇಳಿದೆ: 16 ಕೋಟಿ ವರ್ಷಗಳಿಗೂ ಹಿಂದೆ, ಜುರಾಸಿಕ್ ಯುಗದಲ್ಲಿ, ಸಮುದ್ರದ ನೀರು ನುಗ್ಗಿ, ಆರಿ, ಮತ್ತೆ ನುಗ್ಗಿ ದಪ್ಪನೆಯ ಉಪ್ಪಿನ ಪದರ ಉಳಿಯಿತು, ಮೇಲೆ ಮಣ್ಣು, ಮರಳು ಬಿದ್ದವು. ಅವು ಆಳಕ್ಕಿಳಿದಂತೆ ಒತ್ತಡಕ್ಕೆ ಸಿಕ್ಕಿ ಗಟ್ಟಿಯಾದವು, ಭಾರವಾದವು. ಉಪ್ಪು ಮಾತ್ರ ಘನ ಸೆಂಟಿಮೀಟರಿಗೆ ಸುಮಾರು 2.2 ಗ್ರಾಮಿನಷ್ಟೇ ಉಳಿದು, ನಿಧಾನವಾಗಿ ಹರಿದು, ಗುಮ್ಮಟಗಳಾಗಿ ಮೇಲೆದ್ದು, ಕೆಲವೆಡೆ ಅಣಬೆಯ ಕೊಡೆಯಂತೆ ಹರಡಿಕೊಂಡಿತು.

ಆ ಕೊಡೆಯ ಕೆಳಗೆ ಏನಿದೆ ಎಂಬುದನ್ನು ನೋಡುವುದೇ ಕಷ್ಟ. ಹಡಗಿನಿಂದ ಏರ್‌ಗನ್ ಹೊಡೆದು, ಅಂದರೆ ಒತ್ತಿಟ್ಟ ಗಾಳಿಯನ್ನು ಒಮ್ಮೆಲೇ ಬಿಟ್ಟು ಶಬ್ದದ ಅಲೆ ಎಬ್ಬಿಸಿ, ಕೆಳಗಿನ ಶಿಲೆಗಳಿಂದ ಮರಳಿ ಬರುವ ಅಲೆಗಳನ್ನು ಹೈಡ್ರೋಫೋನ್‌ಗಳಲ್ಲಿ, ಅಂದರೆ ನೀರೊಳಗಿನ ಮೈಕ್‌ಗಳಲ್ಲಿ, ದಾಖಲಿಸಿಕೊಳ್ಳುತ್ತಾರೆ. ಆದರೆ ದಾಖಲಾಗುವುದು ಸಮಯವೇ ಹೊರತು ಆಳವಲ್ಲ; ಆಳವನ್ನು ಅಲೆಯ ವೇಗದಿಂದ ಲೆಕ್ಕ ಹಾಕಿ ಕಂಪ್ಯೂಟರಿನಲ್ಲಿ ಚಿತ್ರ ಮಾಡಬೇಕು. ಉಪ್ಪಿನಲ್ಲಿ ಅಲೆ ಸೆಕೆಂಡಿಗೆ ಸುಮಾರು 4500 ಮೀಟರ್ ವೇಗದಲ್ಲಿ ಸಾಗುವುದರಿಂದ ಎರಡು ಕಿಲೋಮೀಟರ್ ದಪ್ಪವನ್ನು ದಾಟಿ ಹಿಂತಿರುಗಲು 0.9 ಸೆಕೆಂಡ್ ಸಾಕು; ಅಲ್ಲಿ 3000 ಮೀಟರ್ ವೇಗದ ಜೇಡಿಶಿಲೆ ಇದ್ದಿದ್ದರೆ 1.3 ಸೆಕೆಂಡ್ ಬೇಕಾಗುತ್ತಿತ್ತು. ಸಾಲದ್ದಕ್ಕೆ ಉಪ್ಪಿನ ಓರೆಯಾದ ಅಂಚುಗಳಲ್ಲಿ ಅಲೆಗಳು ತೀವ್ರವಾಗಿ ಬಾಗಿ ಚದುರುತ್ತವೆ.

ಆದ್ದರಿಂದ ಮೊದಲು ಉಪ್ಪಿನ ಮೇಲ್ಮೈಯನ್ನು ಗುರುತಿಸುತ್ತೇವೆ. ಅದರ ಕೆಳಗೆಲ್ಲ ಉಪ್ಪೇ ತುಂಬಿದೆಯೆಂದು ಭಾವಿಸಿ ಇನ್ನೊಮ್ಮೆ ಚಿತ್ರ ತೆಗೆದು, ಅದರಲ್ಲಿ ತಳವನ್ನು ಹುಡುಕುತ್ತೇವೆ. ನನ್ನ ಎರಡನೆಯ ವರ್ಷದಲ್ಲಿ, ಉಪ್ಪಿನೊಳಗೇ ಸಿಕ್ಕಿಕೊಂಡಿದ್ದ ಬೇರೆ ಶಿಲೆಯ ಪ್ರತಿಫಲನವನ್ನು ತಳವೆಂದು ತಿಳಿದು ಗೆರೆ ಎಳೆದೆ. ಲೆಕ್ಕದಲ್ಲಿ ಉಪ್ಪು ತೆಳುವಾಯಿತು, ಕಂಪ್ಯೂಟರ್ ಅಲೆಯನ್ನು ನಿಜಕ್ಕಿಂತ ನಿಧಾನವೆಂದು ಎಣಿಸಿತು, ಕೆಳಗಿನ ಸಮತಟ್ಟಾದ ಪದರಗಳು ಮೇಲಕ್ಕೆ ಉಬ್ಬಿ ಎಣ್ಣೆ ನಿಲ್ಲಬಲ್ಲ ಸುಂದರ ಗುಮ್ಮಟವಾಗಿ ಕಂಡವು. ಹಿರಿಯ ಸಹೋದ್ಯೋಗಿಯೊಬ್ಬರು ಆ ಗುಮ್ಮಟ ನನ್ನ ಗೆರೆಯ ಕೆಳಗೇ ಸರಿಯಾಗಿ ಕೂತಿರುವುದೇಕೆಂದು ಕೇಳಿದರು. ತಳವನ್ನು ಸರಿಪಡಿಸಿದೆ; ಗುಮ್ಮಟ ಮಾಯವಾಯಿತು. ಅದನ್ನು ನಂಬಿ ಬಾವಿ ಕೊರೆದಿದ್ದರೆ ಎಂಬ ಯೋಚನೆ ಈಗಲೂ ನನ್ನನ್ನು ಎಚ್ಚರದಲ್ಲಿಡುತ್ತದೆ.

ಇಂಥ ಚಿತ್ರ ತೆಗೆಯಲು 1983ರಲ್ಲಿ ಪ್ರಕಟವಾದ ರಿವರ್ಸ್ ಟೈಮ್ ಮೈಗ್ರೇಷನ್ ವಿಧಾನ, ದಾಖಲಾದ ಅಲೆಯನ್ನು ಕಂಪ್ಯೂಟರಿನಲ್ಲಿ ಸಮಯದಲ್ಲಿ ಹಿಂದಕ್ಕೆ ನಡೆಸಿ ಅದು ಎಲ್ಲಿಂದ ಮರಳಿತೆಂದು ಹುಡುಕುತ್ತದೆ. ಅದಕ್ಕೆ ಬೇಕಾದ ಗಣನಶಕ್ತಿ ಕೈಗೆಟುಕಲು ಎರಡು ದಶಕಗಳೇ ಬೇಕಾದವು. ಯಂತ್ರಕಲಿಕೆಯೂ ಬಂದಿದೆ, 2018ರಲ್ಲಿ, ದತ್ತಾಂಶ ಸ್ಪರ್ಧೆಗಳನ್ನು ನಡೆಸುವ ಕ್ಯಾಗಲ್ ಜಾಲತಾಣದಲ್ಲಿ, ಇಂಥ ಚಿತ್ರಗಳ 101 ಪಿಕ್ಸೆಲ್ ಅಗಲದ ತುಣುಕುಗಳಲ್ಲಿ ಉಪ್ಪನ್ನು ಗುರುತಿಸುವ ಸ್ಪರ್ಧೆಯೇ ನಡೆಯಿತು. ಆದರೆ ಆ ಯಂತ್ರಗಳು ಕಲಿಯುವುದು ನಮ್ಮಂಥವರು ಎಳೆದ ಗೆರೆಗಳಿಂದಲೇ, ಆದ್ದರಿಂದ ನಮ್ಮ ತಪ್ಪುಗಳನ್ನೂ ಅವು ಕಲಿಯುತ್ತವೆ ಎಂಬುದು ನನ್ನ ಚಿಂತೆ.

ಇಲ್ಲಿ ಪುಣೆಯ ಕಾಲಡಿಯಲ್ಲಿ ಉಪ್ಪಿಲ್ಲ, ಲಾವಾ ತಣಿದು ಆದ ದಖ್ಖನ್ನಿನ ಕರಿಕಲ್ಲು, ಅಂದರೆ ಬಸಾಲ್ಟ್, ಇದೆ. ಸೌರಾಷ್ಟ್ರದಲ್ಲಿ ಅದೇ ಬಸಾಲ್ಟ್ ತನ್ನ ಕೆಳಗಿನ ಹಳೆಯ ಪದರಗಳನ್ನು ಹೀಗೆಯೇ ಮರೆಮಾಡುತ್ತದೆ. ಉಪ್ಪಾಗಲಿ ಬಸಾಲ್ಟ್ ಆಗಲಿ, ತಳ ಖಚಿತವಾಗದ ಕಡೆ ನಾನೀಗ ಎರಡು ಗೆರೆ ಎಳೆದು, ಎರಡು ಚಿತ್ರಗಳನ್ನೂ ಒಟ್ಟಿಗೇ ಕಳುಹಿಸುತ್ತೇನೆ.